ಡಬ್ಬಿ ತುಂಬಾ ಸಾಮಾನಿದೆ, ಅಡುಗೆಗೆ ಮಾತ್ರ ಏನೂ ಇಲ್ಲ!

ಪ್ರಶ್ನೆ: ಮನೆಯಲ್ಲಿ ಐದು ಜನ ಇದ್ದೇವೆ. ನಾವಿಬ್ಬರು, 8 ಮತ್ತು 11 ವರ್ಷದ ಮಕ್ಕಳು, ನಮ್ಮ ಅತ್ತೆ. ಸ್ವಲ್ಪ ದಿನ ಖರ್ಚು ಬಿಗಿ ಹಿಡಿಯಬೇಕಾಗಿದೆ. ಮನೆಯಲ್ಲಿರುವ ಸಾಮಾನಿನಲ್ಲೇ ಅಡುಗೆ ಮಾಡೋಣ ಅಂದುಕೊಂಡಿದ್ದೇನೆ. 5 ಕಿಲೋ ಅಕ್ಕಿ, 2 ಕಿಲೋ ಗೋಧಿ ಹಿಟ್ಟು, 2 ಕಿಲೋ ಬೇಳೆ, 1 ಕಿಲೋ ಕಡಲೆಕಾಳು, ಅರ್ಧ ಕಿಲೋ ರಾಜ್ಮಾ, ಅರ್ಧ ಲೀಟರ್ ಎಣ್ಣೆ, 1 ಕಿಲೋ ಈರುಳ್ಳಿ, ಒಂದಿಷ್ಟು ಆಲೂಗಡ್ಡೆ, ಫ್ರೀಜರಿನಲ್ಲಿ ಬಟಾಣಿ, ಪಾಸ್ತಾ, ಯಾರೂ ಮುಟ್ಟದ ಎರಡು ಪ್ಯಾಕೆಟ್ ಓಟ್ಸ್ ಇವೆ. ಆದರೆ ಸಂಜೆ ಅಡುಗೆಮನೆಗೆ ಹೋದರೆ ಏನೂ ಇಲ್ಲ ಅನಿಸಿ ಅಂಗಡಿಗೆ ಓಡುತ್ತೇನೆ. ಕೆಲವು ಸಾಮಾನು ಹಳೆಯದು, ತಿನ್ನಬಹುದೋ ಇಲ್ಲವೋ ಗೊತ್ತಾಗುವುದಿಲ್ಲ. ಮಕ್ಕಳು ನಿನ್ನೆ ತಿಂದದ್ದನ್ನು ಇವತ್ತು ಮುಟ್ಟುವುದಿಲ್ಲ. ಇದು ಎಷ್ಟು ದಿನಕ್ಕೆ ಬರುತ್ತದೆ, ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಎಷ್ಟು ದಿನಕ್ಕೆ ಬರುತ್ತದೆ ಅನ್ನೋದನ್ನೇ ನೋಡೋಣ. ನಿಮ್ಮ ಪಟ್ಟಿಯಲ್ಲೇ ಉತ್ತರ ಇದೆ.

ದೊಡ್ಡವರಿಗೆ ಒಂದು ಊಟಕ್ಕೆ ಸುಮಾರು 75 ಗ್ರಾಂ ಅಕ್ಕಿ ಹಿಡಿಯಿರಿ. ಅತ್ತೆಯವರಿಗೆ 60, ಮಕ್ಕಳಿಬ್ಬರಿಗೂ ಸೇರಿ 110. ಒಟ್ಟು 320 ಗ್ರಾಂ ಆಯಿತು. 5 ಕಿಲೋ ಅಕ್ಕಿ ಅಂದರೆ 15 ಊಟ. ಹಿಟ್ಟು ಊಟಕ್ಕೆ 400 ಗ್ರಾಂ ಅಂದುಕೊಂಡರೆ ಇನ್ನೂ 5 ಊಟ. ಬೇಳೆ ತಲೆಗೆ 35 ಗ್ರಾಂ ಸಾಕು, ಅಲ್ಲಿಗೆ 2 ಕಿಲೋ ಬೇಳೆ 11 ಊಟಕ್ಕೆ ಬಂತು. ಕಡಲೆ, ರಾಜ್ಮಾ ಎರಡೂ ಸೇರಿ 6 ಊಟ. ಬೆಳಗಿನ ತಿಂಡಿಯನ್ನು ಓಟ್ಸ್, ಪಾಸ್ತಾ, ಆಲೂಗಡ್ಡೆಯಲ್ಲಿ ಮುಗಿಸಿದರೆ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತಿನ ಊಟ ಹತ್ತು ದಿನಕ್ಕೆ ಆರಾಮಾಗಿ ಬರುತ್ತದೆ. ಏನೂ ಇಲ್ಲ ಅಂದಿರಲ್ಲ!

ಈಗ ಇನ್ನೊಂದು ಲೆಕ್ಕ ಹಾಕಿ. ಒಂದು ಕಿಲೋ ಈರುಳ್ಳಿ ಅಂದರೆ ಮಧ್ಯಮ ಗಾತ್ರದ್ದು ಎಂಟೊಂಬತ್ತು. ದಿನಕ್ಕೆ ಎರಡು ಬಳಸಿದರೂ ನಾಲ್ಕು ದಿನದಲ್ಲಿ ಖಾಲಿ. ಅರ್ಧ ಲೀಟರ್ ಎಣ್ಣೆ, ದಿನಕ್ಕೆ ಐದು ದೊಡ್ಡ ಚಮಚ ಹೋದರೆ ಒಂದು ವಾರವೂ ಬರಲ್ಲ. ಟೊಮೆಟೊ, ನಿಂಬೆಯ ಹೆಸರೇ ನಿಮ್ಮ ಪಟ್ಟಿಯಲ್ಲಿಲ್ಲ. ಬೆಳ್ಳುಳ್ಳಿಯೂ ಇಲ್ಲ.

ಮನೆಯ ಸಾಮಾನಿನಲ್ಲಿ ಅಡುಗೆ ಮಾಡುತ್ತೇನೆ ಅಂತ ಹೊರಟವರು ಸೋಲುವುದು ಇಲ್ಲೇ. ಅಕ್ಕಿ ಬೇಳೆ ಮುಗಿದು ಯಾರೂ ನಿಲ್ಲಿಸುವುದಿಲ್ಲ. ರುಚಿ ಕೊಡುವ ಸಾಮಾನು ಮುಗಿಯುತ್ತದೆ. ಐದನೇ ದಿನ ಬರೀ ಈರುಳ್ಳಿ ತರಲು ಹೋಗುತ್ತೀರಿ, ಎರಡು ಚೀಲ ಹಿಡಿದು ವಾಪಸ್ ಬರುತ್ತೀರಿ. ಅದಕ್ಕೇ ಧಾನ್ಯದ ಚಿಂತೆ ಬಿಡಿ. ಎಣ್ಣೆ, ಈರುಳ್ಳಿ, ಹುಳಿ, ಮಸಾಲೆ, ಇವು ಎಷ್ಟಿವೆ ನೋಡಿ. ಹತ್ತು ದಿನಕ್ಕೆ ಸಾಲದ್ದನ್ನು ಇವತ್ತೇ ತಂದುಬಿಡಿ. ಅದರ ಜೊತೆ ಹಾಲು, ಹಣ್ಣಿಗೆ ಒಂದು ಚಿಕ್ಕ ಮೊತ್ತ ತೆಗೆದಿಡಿ. ಹೊರಗಿನಿಂದ ಒಂದು ಕಡ್ಡಿಯನ್ನೂ ತರಲ್ಲ ಅನ್ನೋ ಹಟದಲ್ಲಿ ನನಗೆ ನಂಬಿಕೆ ಇಲ್ಲ. ಮಕ್ಕಳಿರುವ ಮನೆಯಲ್ಲಿ ಅದು ನಡೆಯುವ ಮಾತೂ ಅಲ್ಲ.

ಇರುವ ಈರುಳ್ಳಿಯನ್ನು ಎಳೆಯಲು ಒಂದು ದಾರಿ ಇದೆ. ದಿನಾ ಎರಡು ಹೆಚ್ಚಿ ಅರ್ಧಂಬರ್ಧ ಹುರಿಯುವ ಬದಲು, ಮೂರು ಈರುಳ್ಳಿಯನ್ನು ತೆಳುವಾಗಿ ಹೆಚ್ಚಿ ಒಂದೇ ಸಲ ಹುರಿದಿಡಿ. ದಪ್ಪ ತಳದ ಬಾಣಲೆಗೆ ಎರಡು ಚಮಚ ಎಣ್ಣೆ, ಈರುಳ್ಳಿ, ಚಿಟಿಕೆ ಉಪ್ಪು ಹಾಕಿ. ಉರಿ ಸಣ್ಣಗಿರಲಿ. ಮೊದಲು ನೀರು ಬಿಡುತ್ತದೆ, ಆಮೇಲೆ ಮೆತ್ತಗಾಗಿ ಹಳದಿಗೆ ತಿರುಗುತ್ತದೆ. ತಳ ಹಿಡಿಯುತ್ತಿದೆ ಅನಿಸಿದಾಗ ಒಂದು ಚಮಚ ನೀರು ಚಿಮುಕಿಸಿ, ತಳದಲ್ಲಿ ಅಂಟಿದ ಕಂದು ಬಣ್ಣವನ್ನೆಲ್ಲ ಸೌಟಿನಿಂದ ಕೆರೆದು ಸೇರಿಸಿ. ಹೀಗೆ ಮೂರ್ನಾಲ್ಕು ಸಲ ಮಾಡಿದರೆ ಅರ್ಧ ಗಂಟೆ ದಾಟುವಷ್ಟರಲ್ಲಿ ಬಾಣಲೆ ತುಂಬಾ ಇದ್ದದ್ದು ಒಂದು ಬಟ್ಟಲಿಗೆ ಇಳಿದಿರುತ್ತದೆ. ಬಣ್ಣ ಗಾಢ, ವಾಸನೆ ಸಿಹಿ. ಇದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ಇರುತ್ತದೆ. ಬೇಳೆಗೆ, ಕಾಳಿಗೆ, ಪಾಸ್ತಾಗೆ ಒಂದೊಂದು ದೊಡ್ಡ ಚಮಚ ಸಾಕು. ಹಸಿ ಈರುಳ್ಳಿ ಎರಡು ಹಾಕಿದರೂ ಆ ರುಚಿ ಬರಲ್ಲ.

ಇನ್ನು ಎಲ್ಲಿಂದ ಶುರು ಮಾಡೋದು ಅಂದಿರಿ. ದಯವಿಟ್ಟು ವಾರದ ಮೆನು ಬರೆದು ಗೋಡೆಗೆ ಅಂಟಿಸಬೇಡಿ. ಸೋಮವಾರ ಬರೆದದ್ದು ಗುರುವಾರಕ್ಕೆ ಬೇಡ ಅನಿಸುತ್ತದೆ. ಅದರ ಬದಲು ಮನೆಯಲ್ಲಿ ಮೊದಲು ಯಾವುದು ಕೆಡುತ್ತದೆ ಅಂತ ನೋಡಿ, ಅದನ್ನು ಮೊದಲು ಒಲೆ ಮೇಲಿಡಿ. ಫ್ರಿಜ್ಜಿನ ಮೂಲೆಯ ಅರ್ಧ ಎಲೆಕೋಸು, ಬಾಡುತ್ತಿರುವ ಸೊಪ್ಪು, ತೆರೆದ ಮೊಸರು, ನಿನ್ನೆಯ ಅನ್ನ, ಇವು ಇವತ್ತಿನ ಊಟ. ಮೊಳಕೆ ಬರುತ್ತಿರುವ ಆಲೂಗಡ್ಡೆ ಈ ವಾರದ್ದು. ಒಣ ಸಾಮಾನಿನಲ್ಲಿ ತೆರೆದ ಪ್ಯಾಕೆಟ್ ಮೊದಲು, ತೆರೆಯದ್ದು ಆಮೇಲೆ. ಬರೆಯಲೇಬೇಕು ಅನಿಸಿದರೆ ಒಂದು ಚೀಟಿಯಲ್ಲಿ ತೆರೆದಿರುವ ಸಾಮಾನಿನ ಹೆಸರಷ್ಟೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮುಗಿದ ಹಾಗೆ ಹೊಡೆದುಹಾಕಿ.

ಇದು ಬರೀ ಶಿಸ್ತಿನ ಮಾತಲ್ಲ, ದುಡ್ಡಿನ ಮಾತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಒಂದು ವರದಿ ಹೊರತಂದಿತು. 2022ರಲ್ಲಿ ಜಗತ್ತಿನ ಮನೆಗಳಲ್ಲಿ ವ್ಯರ್ಥವಾದ ಆಹಾರ ತಲೆಗೆ ಸರಾಸರಿ 79 ಕಿಲೋ ಅಂತ ಅದರಲ್ಲಿದೆ. ಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗವೂ ಅದರಲ್ಲಿ ಸೇರಿದೆ, ನಿಜ. ಆದರೂ ಐದು ಜನರ ಮನೆಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕಿಲೋ ದಾಟುತ್ತದೆ. ನಿಮ್ಮ ಮನೆಯಲ್ಲಿ ಅದರ ಕಾಲು ಭಾಗ ಉಳಿಸಿದರೂ ದಿನಾ ಒಬ್ಬರ ಊಟಕ್ಕೆ ಹತ್ತಿರ ಬಂತಲ್ವಾ?

ಹಳೆಯ ಸಾಮಾನಿನ ಪ್ರಶ್ನೆಗೆ ಬರೋಣ. ಇದರಲ್ಲಿ ಜನ ಎರಡೂ ಕಡೆ ತಪ್ಪುತ್ತಾರೆ. ತಿನ್ನಬಹುದಾದ್ದನ್ನು ಎಸೆಯುತ್ತಾರೆ, ಎಸೆಯಬೇಕಾದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಪ್ಯಾಕೆಟ್ಟಿನ ಮೇಲಿನ ತಾರೀಖು ಎರಡು ಥರ. ಇಂಥ ದಿನದೊಳಗೆ ಬಳಸಿದರೆ ಉತ್ತಮ ಅಂತ ಬರೆದಿದ್ದರೆ ಅದು ರುಚಿ, ಗರಿಗರಿ, ಬಣ್ಣದ ಮಾತು. ಇಂಥ ದಿನದೊಳಗೆ ಬಳಸಲೇಬೇಕು ಅಂತಿದ್ದರೆ ಅದು ಆರೋಗ್ಯದ ಮಾತು. ಹಾಲು, ಮಾಂಸ, ಮೀನಿನಂಥ ಬೇಗ ಕೆಡುವ ಸಾಮಾನಿನ ಮೇಲೆ ಇರುವುದು ಹೆಚ್ಚಾಗಿ ಈ ಎರಡನೇದು. ಪಾಸ್ತಾದ ತಾರೀಖು ಎರಡು ತಿಂಗಳ ಹಿಂದೆ ಮುಗಿದಿದ್ದರೂ ಒಣಗಿ, ಹುಳ ಇಲ್ಲದೆ, ವಾಸನೆ ಇಲ್ಲದೆ ಇದ್ದರೆ ಧಾರಾಳವಾಗಿ ಬೇಯಿಸಿ. ಮೀನಿಗೆ ಈ ಉದಾರತೆ ಬೇಡ.

ಪಾಲಿಶ್ ಮಾಡಿದ ಬಿಳಿ ಅಕ್ಕಿ ತೇವ ತಾಗದೆ ಇದ್ದರೆ ವರ್ಷಗಟ್ಟಲೆ ಇರುತ್ತದೆ. ಕೆಂಪಕ್ಕಿ, ಪಾಲಿಶ್ ಇಲ್ಲದ ಅಕ್ಕಿ ಹಾಗಲ್ಲ. ಅದರ ತೌಡಿನಲ್ಲಿ ಎಣ್ಣೆಯಂಶ ಇದೆ, ಆರು ತಿಂಗಳಲ್ಲಿ ಕಮಟು ಹಿಡಿಯಲು ಶುರುವಾಗುತ್ತದೆ. ತೌಡು ಸಮೇತ ಬೀಸಿದ ಗೋಧಿ ಹಿಟ್ಟಿನದೂ ಇದೇ ಕಥೆ. ಅದು ಮೈದಾಗಿಂತ ಎಷ್ಟೋ ಬೇಗ ಕೆಡುತ್ತದೆ. ಪರೀಕ್ಷೆ ಸುಲಭ. ಒಂದು ಚಿಟಿಕೆ ಹಿಟ್ಟನ್ನು ನಾಲಿಗೆ ಮೇಲಿಡಿ. ಒಳ್ಳೆಯದಾದರೆ ಸ್ವಲ್ಪ ಸಿಹಿ, ಹೆಚ್ಚಾಗಿ ಏನೂ ಅನಿಸಲ್ಲ. ಕಮಟಾಗಿದ್ದರೆ ಕೊನೆಗೆ ಗಂಟಲಲ್ಲಿ ಕಹಿ ನಿಲ್ಲುತ್ತದೆ. ಆ ಹಿಟ್ಟನ್ನು ಯಾವ ಮಸಾಲೆಯೂ ಸರಿ ಮಾಡಲ್ಲ. ನಿಮ್ಮ 2 ಕಿಲೋ ಹಿಟ್ಟು ಎಷ್ಟು ಹಳೆಯದು ಅಂತ ಬರೆದಿಲ್ಲ. ಮೂರು ತಿಂಗಳಾಗುತ್ತಾ ಬಂದಿದ್ದರೆ ಅಕ್ಕಿಗಿಂತ ಮೊದಲು ಅದನ್ನೇ ಮುಗಿಸಿ. ಫ್ರಿಜ್ಜಿನಲ್ಲಿ ಜಾಗ ಇದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಅಲ್ಲಿಡಿ.

ಅಕ್ಕಿಯಲ್ಲಿ ಹುಳ ಬಿದ್ದರೆ ಅಸಹ್ಯ, ಆದರೆ ವಿಷವಲ್ಲ. ಅಕ್ಕಿ ಹುಳ ಕಾಳಿಗೆ ಸಣ್ಣ ತೂತು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ಅದಕ್ಕೇ ನೋಡಲು ಸ್ವಚ್ಛವಾಗಿದ್ದ ಅಕ್ಕಿಯಲ್ಲೂ ತಿಂಗಳು ಕಳೆದ ಮೇಲೆ ಹುಳ ಕಾಣಿಸುತ್ತದೆ. ಜರಡಿ ಹಿಡಿದು, ಕೇರಿ, ನಾಲ್ಕು ನೀರಿನಲ್ಲಿ ತೊಳೆದು ಬಳಸಬಹುದು. ಉಳಿದ ಅಕ್ಕಿಯನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಒಳಗಿನ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಪ್ಯಾಕೆಟ್ಟನ್ನು ತೆರೆಯದೆ ಬೆಚ್ಚಗಾಗಲು ಬಿಡಿ, ಇಲ್ಲದಿದ್ದರೆ ತೇವ ಕೂರುತ್ತದೆ. ಹಿಟ್ಟಿನಲ್ಲಿ ಬಲೆ ಕಟ್ಟಿ ಗಂಟು ಗಂಟಾಗಿದ್ದರೆ ಮಾತ್ರ ಎಸೆಯಿರಿ.

ಬೂಷ್ಟು ಹಿಡಿದ ಶೇಂಗಾ, ಬೂಷ್ಟು ಹಿಡಿದ ಜೋಳದ ವಿಷಯದಲ್ಲಿ ಕರುಣೆ ತೋರಿಸಬೇಡಿ. ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಅನ್ನೋ ವಿಷ ಬಿಡುತ್ತವೆ. ಅದು ಯಕೃತ್ತಿಗೆ ಕೆಟ್ಟದ್ದು, ಹುರಿದರೆ ಬೇಯಿಸಿದರೆ ಪೂರ್ತಿ ಹೋಗಲ್ಲ. ಉಬ್ಬಿದ, ಸೋರುವ, ತುಕ್ಕು ತಿಂದು ತೂತಾದ ಟಿನ್ ಡಬ್ಬಿಯನ್ನು ರುಚಿ ನೋಡಲೂ ತೆರೆಯಬೇಡಿ. ಹಸಿರಾಗಿ ಕಹಿಯಾದ ಆಲೂಗಡ್ಡೆಯೂ ಹಾಗೇ. ಒಂದೆರಡು ಕಡೆ ಹಸಿರಿದ್ದರೆ, ಚಿಕ್ಕ ಮೊಳಕೆ ಇದ್ದರೆ ಆಳವಾಗಿ ಕೆತ್ತಿ ತೆಗೆದು ಬಳಸಬಹುದು. ಇಡೀ ಗಡ್ಡೆಯೇ ಹಸಿರಾಗಿ ಸುಕ್ಕುಗಟ್ಟಿದ್ದರೆ ಬೇಡ. ಅದರಲ್ಲಿರುವ ಸೊಲನಿನ್ ಅನ್ನೋ ವಿಷ ಬೇಯಿಸಿದರೂ ಹೋಗಲ್ಲ. ಆಲೂಗಡ್ಡೆಯನ್ನು ಕತ್ತಲಲ್ಲಿಡಿ, ಈರುಳ್ಳಿ ಬುಟ್ಟಿಯಿಂದ ದೂರ ಇಡಿ.

ಮಸಾಲೆ ಪುಡಿ ಹಳೆಯದಾದರೆ ತೊಂದರೆ ಇಲ್ಲ, ಘಮ ಇರಲ್ಲ ಅಷ್ಟೇ. ಸ್ವಲ್ಪ ಜಾಸ್ತಿ ಹಾಕಿ.

ಈಗ ಇಡೀ ವಿಷಯದ ಹೃದಯಕ್ಕೆ ಬಂದೆವು, ಅಂದರೆ ಕಾಳಿಗೆ. ನೀವು ಸಂಜೆ ಅಡುಗೆಮನೆಯಲ್ಲಿ ನಿಂತು ಏನೂ ಇಲ್ಲ ಅಂದುಕೊಳ್ಳಲು ಕಾರಣ ಸಾಮಾನಿನ ಕೊರತೆ ಅಲ್ಲ. ಒಣ ಕಾಳು ಆ ಹೊತ್ತಿಗೆ ಊಟವಾಗಲ್ಲ. ಅದನ್ನು ಹಿಂದಿನ ರಾತ್ರಿಯೇ ನೆನೆಹಾಕಿರಬೇಕಿತ್ತು. ನಾಳೆಯ ಅಡುಗೆ ಇವತ್ತು ರಾತ್ರಿ ಮಲಗುವ ಮುಂಚೆ ಶುರುವಾಗಬೇಕು. ನೀವು ಮಾಡಬೇಕಾದ ತೀರ್ಮಾನ ಒಂದೇ: ನಾಳೆಗೆ ಏನು ನೆನೆಹಾಕಲಿ? ಉಳಿದದ್ದೆಲ್ಲ ಅದರ ಹಿಂದೆ ತಾನೇ ಬರುತ್ತದೆ.

ಒಂದು ಲೋಟ ಒಣ ಕಾಳು ಬೆಂದಾಗ ಎರಡೂವರೆಯಿಂದ ಮೂರು ಲೋಟ ಆಗುತ್ತದೆ. ಹಾಗಾಗಿ ಪಾತ್ರೆ ದೊಡ್ಡದಿರಲಿ. ನೆನೆಹಾಕುವ ನೀರಿಗೆ ಉಪ್ಪು ಹಾಕಿ, ಲೀಟರಿಗೆ ಒಂದು ದೊಡ್ಡ ಚಮಚ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅನ್ನೋ ಮಾತು ಎಲ್ಲರೂ ಕೇಳಿರುತ್ತೇವೆ. ನೆನೆಸುವಾಗ ಆಗೋದು ಅದರ ಉಲ್ಟಾ. ಕಾಳಿನ ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿರುವುದು ಪೆಕ್ಟಿನ್ ಅನ್ನೋ ಅಂಟಿನಂಥ ಪದಾರ್ಥ ಮತ್ತು ಕ್ಯಾಲ್ಸಿಯಂ. ಉಪ್ಪಿನ ಸೋಡಿಯಂ ಹೋಗಿ ಆ ಕ್ಯಾಲ್ಸಿಯಂ ಜಾಗದಲ್ಲಿ ಕೂರುತ್ತದೆ, ಸಿಪ್ಪೆ ಸಡಿಲವಾಗುತ್ತದೆ. ಕಾಳು ಒಡೆಯದೆ ಬೆಣ್ಣೆಯಂತೆ ಬೇಯುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ.

ನಿಜವಾಗಿ ಬೇಯಲು ಬಿಡದೆ ಕಾಡುವುದು ಹುಳಿ. ಟೊಮೆಟೊ, ಹುಣಸೆ, ನಿಂಬೆ ಯಾವುದೇ ಇರಲಿ, ಕಾಳು ಪೂರ್ತಿ ಮೆತ್ತಗಾದ ಮೇಲೆ ಹಾಕಿ. ಮೊದಲೇ ಹಾಕಿದರೆ ಗಂಟೆಗಟ್ಟಲೆ ಒಲೆ ಉರಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಗಡಸು ನೀರಿನಲ್ಲೂ ಇದೇ ತೊಂದರೆ. ಬಿಸಿ ಮತ್ತು ತೇವದಲ್ಲಿ ಬಹಳ ದಿನ ಕೂತ ಹಳೆಯ ಕಾಳಂತೂ ಎಷ್ಟು ನೆನೆಸಿದರೂ ಹಟ ಮಾಡುತ್ತದೆ. ಅಂಥ ಕಾಳಿಗೆ ಬೇಯಿಸುವ ನೀರಿನಲ್ಲಿ ಚಿಟಿಕೆ ಅಡುಗೆ ಸೋಡಾ ಹಾಕಿ. ಚಿಟಿಕೆ ಅಂದರೆ ಚಿಟಿಕೆಯೇ. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ, ಬಿ ಜೀವಸತ್ವವೂ ನಷ್ಟ. ಪ್ರೆಶರ್ ಕುಕ್ಕರ್ ಇದ್ದರೆ ಈ ತಾಪತ್ರಯವೇ ಕಡಿಮೆ. ಒಳಗೆ ಶಾಖ 120 ಡಿಗ್ರಿ ಹತ್ತಿರ ಹೋಗುತ್ತದೆ. ಕಾಳು ಹಾಕುವಾಗ ನೀರೂ ಸೇರಿ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ನೊರೆ ಎದ್ದು ಹಬೆಯ ದಾರಿ ಕಟ್ಟಿಕೊಳ್ಳಬಹುದು.

ರಾಜ್ಮಾ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅದರಲ್ಲಿ ಲೆಕ್ಟಿನ್ ಗುಂಪಿಗೆ ಸೇರಿದ ಒಂದು ವಿಷ ಇದೆ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಗುಳುಗುಳು ಅಂತ ಕುದಿಸಬೇಕು. ಹತ್ತು ನಿಮಿಷಕ್ಕೆ ಆ ವಿಷ ಹೋಗುತ್ತದೆ ಅನ್ನುತ್ತಾರೆ. ಅರ್ಧ ಗಂಟೆ ಕುದಿಸಿ ಅನ್ನುವವರೂ ಇದ್ದಾರೆ, ನಾನು ಅವರ ಕಡೆ. ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಕುದಿಯದೆ ಸಣ್ಣ ಶಾಖದಲ್ಲೇ ಬೇಯಿಸುವ ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ಹಾಕಲೇಬೇಡಿ. ಕಡಿಮೆ ಶಾಖದಲ್ಲಿ ಆ ವಿಷ ಇನ್ನೂ ಜೋರಾಗುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಚೆನ್ನಾಗಿ ಬೆಂದದ್ದಕ್ಕೆ ಭಯ ಇಲ್ಲ.

ಬೇಯಿಸುವಾಗ ಎರಡು ಊಟಕ್ಕಾಗುವಷ್ಟು ಬೇಯಿಸಿ. ಗ್ಯಾಸೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಅರ್ಧವನ್ನು ಅದರ ನೀರಿನ ಸಮೇತ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಕೆಲವೇ ದಿನದಲ್ಲಿ ನಿಮ್ಮ ಫ್ರೀಜರಿನಲ್ಲಿ ನಾಲ್ಕೈದು ಡಬ್ಬಿ ಬೆಂದ ಕಾಳು ಇರುತ್ತದೆ. ಆಗ ಸಂಜೆ ಬಾಗಿಲು ತೆರೆದರೆ ಊಟ ಕಾಣುತ್ತದೆ.

ಮಕ್ಕಳ ವಿಷಯ. ಮಕ್ಕಳಿಗೆ ಬೇಸರ ಬರುವುದು ಕಡಲೆಯ ಮೇಲಲ್ಲ, ಅದೇ ರೂಪದ ಮೇಲೆ. ಒಂದೇ ಸಲ ಬೇಯಿಸಿದ ಕಡಲೆಯನ್ನು ಮೂರು ದಿನ ಮೂರು ಥರ ಬಡಿಸಬಹುದು. ಮೊದಲ ದಿನ ಹುರಿದ ಈರುಳ್ಳಿ, ಮಸಾಲೆ ಹಾಕಿ ಗಟ್ಟಿ ಗೊಜ್ಜು, ಅನ್ನದ ಜೊತೆ. ಮಾರನೇ ದಿನ ಎರಡು ಲೋಟ ಕಡಲೆಯನ್ನು ಬೆಂದ ಆಲೂಗಡ್ಡೆಯ ಜೊತೆ ಕೈಯಿಂದ ಮಸೆದು, ಒಂದು ಹಿಡಿ ಓಟ್ಸ್ ಸೇರಿಸಿ ಚಪ್ಪಟೆ ತಟ್ಟಿ ಕಾವಲಿ ಮೇಲೆ ಎರಡೂ ಬದಿ ಕಂದಾಗುವಂತೆ ಬೇಯಿಸಿ. ಮಸೆಯುವಾಗ ನುಣ್ಣಗೆ ಮಾಡಬೇಡಿ, ಅಲ್ಲಲ್ಲಿ ಅರೆ ಕಾಳು ಸಿಗುತ್ತಿರಲಿ. ಮಿಶ್ರಣ ಕೈಗೆ ಅಂಟಿದರೆ ಹತ್ತು ನಿಮಿಷ ಬಿಡಿ, ಓಟ್ಸ್ ನೀರು ಹೀರಿಕೊಳ್ಳುತ್ತದೆ. ಮೂರನೇ ದಿನ ಉಳಿದ ಕಡಲೆ, ಬೇಯಿಸಿದ ನೀರು, ಬಟಾಣಿ, ಒಂದು ಹಿಡಿ ಪಾಸ್ತಾ ಸೇರಿ ಸೂಪು. ಕಡಲೆ ಬೆಂದ ನೀರನ್ನು ಚೆಲ್ಲಬೇಡಿ, ಸೂಪಿಗೆ ಮೈ ಕೊಡುವುದು ಅದೇ. ಮೂರೂ ದಿನ ಮಕ್ಕಳ ತಟ್ಟೆಯಲ್ಲಿರುವುದು ಒಂದೇ ಕಡಲೆ. ಕಂಡುಹಿಡಿದರೆ ಹೇಳಿ!

ಡಬ್ಬಿಯ ಸಾಮಾನಿನ ಅಡುಗೆಯ ದೊಡ್ಡ ದೋಷ ಅಂದರೆ ಎಲ್ಲವೂ ಮೆತ್ತಗೆ, ಎಲ್ಲವೂ ಒಂದೇ ಬಣ್ಣ. ಹಾಗಾಗಿ ತಟ್ಟೆಯಲ್ಲಿ ಗರಿಗರಿಯಾದದ್ದು ಒಂದು ಇರಲೇಬೇಕು. ಹುರಿದ ಶೇಂಗಾ, ಕಾವಲಿ ಮೇಲೆ ಸುಟ್ಟ ಹಳೆಯ ಬ್ರೆಡ್ಡಿನ ಚೂರು, ಬೆಂದ ಕಡಲೆಯನ್ನೇ ಒರೆಸಿ ಎಣ್ಣೆಯಲ್ಲಿ ಹುರಿದದ್ದು, ಯಾವುದಾದರೂ ಸರಿ. ಅಡುಗೆ ಸಪ್ಪೆ ಅನಿಸಿದರೆ ಮಸಾಲೆ ಡಬ್ಬಿಗೆ ಕೈ ಹಾಕುವ ಮುಂಚೆ ಮೊದಲು ಉಪ್ಪು ನೋಡಿ. ಉಪ್ಪು ಸರಿ ಇದೆಯಾ? ಹಾಗಾದರೆ ಹುಳಿ. ಅರ್ಧ ಚಮಚ ನಿಂಬೆ ರಸವೋ ವಿನೆಗರೋ ಒಲೆ ಆರಿಸಿದ ಮೇಲೆ ಹಾಕಿ ರುಚಿ ನೋಡಿ. ಹತ್ತರಲ್ಲಿ ಎಂಟು ಸಲ ಕೊರತೆ ಅಲ್ಲೇ ಇರುತ್ತದೆ. ಆಮೇಲೂ ಏನೋ ಕಡಿಮೆ ಅನಿಸಿದರೆ ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನೋ ಜೀರಿಗೆಯನ್ನೋ ಸಿಡಿಸಿ ಮೇಲೆ ಸುರಿಯಿರಿ. ಅಂದ ಹಾಗೆ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಗಾಳಿ ಇಲ್ಲದ ಆ ಎಣ್ಣೆಯಲ್ಲಿ ಬೊಟ್ಯುಲಿಸಂ ಅನ್ನೋ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಆಗಿಂದಾಗಲೇ ಮಾಡಿ ಬಳಸಿ.

ಉಳಿದ ಅನ್ನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ಅನ್ನ ಮಾಡಿದರೂ ಅದು ಸಾಯಲ್ಲ. ಅನ್ನ ಗಂಟೆಗಟ್ಟಲೆ ಹೊರಗೆ ಬೆಚ್ಚಗೆ ಕೂತರೆ ಅದು ಮೊಳೆತು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗಲ್ಲ. ಹಾಗಾಗಿ ಉಳಿಯುತ್ತದೆ ಅಂತ ಗೊತ್ತಾದ ತಕ್ಷಣ ಅಗಲ ತಟ್ಟೆಗೆ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಮುಗಿಸಿ. ಬೇಳೆ, ಕಾಳು, ಪಲ್ಯ ಆದರೆ ಎರಡು ಗಂಟೆಯೊಳಗೆ ಒಳಗಿಡಿ, ಮೂರ್ನಾಲ್ಕು ದಿನ ತಿನ್ನಬಹುದು. ಸುಡುವ ಬೇಸಿಗೆಯಲ್ಲಿ ಅದಕ್ಕೂ ಒಂದೇ ಗಂಟೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಭರದಿಂದ ಬೆಳೆಯುತ್ತದೆ. ಫ್ರಿಜ್ಜು 5ಕ್ಕಿಂತ ಕೆಳಗಿರಬೇಕು. ಮತ್ತೆ ಬಿಸಿ ಮಾಡುವಾಗ ನಡುಭಾಗವೂ ಹಬೆಯಾಡುವಷ್ಟು ಬಿಸಿಯಾಗಲಿ, ಒಂದೇ ಸಲ. ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ಜು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ, ತುಂಬಿದ ಫ್ರೀಜರು ಎರಡು ದಿನ.

ಹತ್ತು ದಿನ ಹೀಗೆ ತಿಂದರೆ ಪೋಷಣೆ ಸಾಕಾಗುತ್ತಾ? ಪ್ರೋಟೀನಿನ ಭಯ ಬೇಡ. ಒಣ ಬೇಳೆಯಲ್ಲಿ ನೂರಕ್ಕೆ 22ರಿಂದ 25 ಗ್ರಾಂ ಪ್ರೋಟೀನ್ ಇದೆ. ಪ್ರೋಟೀನಿನ ಒಂದು ಅಂಶವಾದ ಲೈಸಿನ್ ಅಕ್ಕಿ ಗೋಧಿಯಲ್ಲಿ ಕಡಿಮೆ, ಕಾಳಿನಲ್ಲಿ ಧಾರಾಳ. ಇನ್ನೊಂದು ಅಂಶವಾದ ಮೆಥಿಯೊನಿನ್ ಕಾಳಿನಲ್ಲಿ ಕಡಿಮೆ, ಧಾನ್ಯದಲ್ಲಿ ಇದೆ. ಎರಡೂ ಒಂದೇ ದಿನದಲ್ಲಿ ಹೊಟ್ಟೆಗೆ ಹೋದರೆ ಸಾಕು, ಒಂದೇ ತಟ್ಟೆಯಲ್ಲಿರಬೇಕು ಅಂತೇನಿಲ್ಲ. ಕೊರತೆಯಾಗುವುದು ಸಿ ಜೀವಸತ್ವ. ಒಣ ಸಾಮಾನಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಅದು ಇಲ್ಲದಿದ್ದರೆ ಕಾಳಿನ ಕಬ್ಬಿಣಾಂಶವೂ ಮೈಗೆ ಹತ್ತುವುದು ಕಡಿಮೆ. ಅದಕ್ಕೇ ಚಿಕ್ಕ ಮೊತ್ತದಲ್ಲಿ ನಿಂಬೆ, ಟೊಮೆಟೊ, ಯಾವುದಾದರೂ ಹಣ್ಣು ತನ್ನಿ ಅಂದದ್ದು. ಫ್ರೀಜರಿನ ಬಟಾಣಿಯನ್ನು ಕೀಳಾಗಿ ನೋಡಬೇಡಿ. ಕಿತ್ತ ಕೆಲವೇ ಗಂಟೆಗಳಲ್ಲಿ ಬಿಸಿನೀರು ತೋರಿಸಿ ಹೆಪ್ಪುಗಟ್ಟಿಸಿರುತ್ತಾರೆ. ವಾರ ಕಳೆದ ತಾಜಾ ಬಟಾಣಿಗಿಂತ ಅದೇ ವಾಸಿ. ಕಾಳು ಮೊಳಕೆ ಕಟ್ಟಿಸಿದರೂ ಸಿ ಜೀವಸತ್ವ ಹುಟ್ಟುತ್ತದೆ. ಆದರೆ ಮೊಳಕೆಯ ಬೆಚ್ಚನೆ ತೇವದಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೂಡ ಚೆನ್ನಾಗಿ ಬೆಳೆಯುತ್ತದೆ. ಮಕ್ಕಳಿಗೆ, ಅತ್ತೆಯವರಿಗೆ ಹಸಿ ಮೊಳಕೆ ಕೊಡಬೇಡಿ, ಬೇಯಿಸಿ ಕೊಡಿ. ಊಟದ ಜೊತೆ ಚಹಾ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದೂಡಿ. ಅದು ಕಬ್ಬಿಣಾಂಶಕ್ಕೆ ಅಡ್ಡ ಬರುತ್ತದೆ.

ಅತ್ತೆಯವರಿಗೆ ಬೇರೆ ಅಡುಗೆ ಮಾಡಬೇಕಾಗಿಲ್ಲ. ಮಸಾಲೆ ಹಾಕುವ ಮುಂಚೆ ಒಂದು ಸೌಟು ಬೇಳೆ, ಕಾಳು ತೆಗೆದು ಮಸೆದು, ಅನ್ನಕ್ಕೆ ನೀರು ಜಾಸ್ತಿ ಹಾಕಿ ಮೆತ್ತಗೆ ಮಾಡಿ ಕೊಡಿ. ಅವರಿಗೆ ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇದ್ದರೆ ಈ ಹತ್ತು ದಿನದ ಊಟದ ಬಗ್ಗೆ ಅವರ ವೈದ್ಯರನ್ನು ಒಂದು ಮಾತು ಕೇಳಿ. ಉಪ್ಪಿನಕಾಯಿ, ಸಾಸು, ಪ್ಯಾಕೆಟ್ ಮಸಾಲೆಯಲ್ಲಿ ಉಪ್ಪು ಬಹಳ ಇರುತ್ತದೆ.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಓಟ್ಸ್. ಯಾರೂ ಮುಟ್ಟದ ಸಾಮಾನನ್ನು ಅದೇ ರೂಪದಲ್ಲಿ ಮತ್ತೆ ಮತ್ತೆ ಬಡಿಸಿದರೆ ಪ್ರಯೋಜನ ಇಲ್ಲ. ಮೊದಲು ಪ್ಯಾಕೆಟ್ ತೆರೆದು ಮೂಸಿ ನೋಡಿ. ಓಟ್ಸಿನಲ್ಲಿ ಬೇರೆ ಧಾನ್ಯಗಳಿಗಿಂತ ಎಣ್ಣೆಯಂಶ ಜಾಸ್ತಿ, ಹಳೆಯದಾದರೆ ಪೇಂಟ್ ಡಬ್ಬಿಯ ವಾಸನೆ ಬರುತ್ತದೆ. ಹಾಗಿದ್ದರೆ ಗೊಬ್ಬರಕ್ಕೆ ಹಾಕಿ. ಚೆನ್ನಾಗಿದ್ದರೆ ಒಣ ಬಾಣಲೆಯಲ್ಲಿ ಘಮ್ ಅನ್ನುವವರೆಗೆ ಹುರಿದು ಮಿಕ್ಸಿಯಲ್ಲಿ ಪುಡಿ ಮಾಡಿ. ಗೋಧಿ ಹಿಟ್ಟು ಮೂರು ಪಾಲಿದ್ದರೆ ಇದು ಒಂದು ಪಾಲು ಸೇರಿಸಿ ಕಲಸಿ, ನೀರು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಕಾಲು ಗಂಟೆ ಬಿಟ್ಟು ಲಟ್ಟಿಸಿ. ಉಳಿದ ಪುಡಿ ಸೂಪಿಗೆ, ಗೊಜ್ಜಿಗೆ ಗಟ್ಟಿ ಬರಲು ಆಗುತ್ತದೆ. ಎರಡು ಪ್ಯಾಕೆಟ್ ಇದೆ ಅಂದಿರಲ್ಲ, ಒಂದನ್ನು ಮೊದಲು ಹೀಗೆ ಮುಗಿಸಿ, ಎರಡನೇದನ್ನು ಅಲ್ಲಿಯವರೆಗೆ ತೆರೆಯಬೇಡಿ.